ಲಾಟೀನು ಬೆಳಕಿನ ಸೈನಿಕರು: ಕಣ್ಣಾರೆ ಕಂಡು ಬರೆದದ್ದೇ?

ಪ್ರಶ್ನೆ: ಹಳೆ ಸಾಮಾನಿನ ಅಂಗಡಿಯಲ್ಲಿ ಜಪಾನಿನ ಒಂದು ಯುದ್ಧಚಿತ್ರ ನೋಡಿದೆ. ಮೂರು ಹಾಳೆ ಜೋಡಿಸಿದರೆ ಒಂದೇ ಚಿತ್ರ. ರಾತ್ರಿ, ಹಿಮ, ಲಾಟೀನು ಹಿಡಿದ ಸೈನಿಕರು. ಅಂಚಿನಲ್ಲಿ ಮೇಜಿ 28 ಅಂತ ಇದೆಯಂತೆ. ಕಲಾವಿದ ಅಲ್ಲೇ ಇದ್ದು ಬರೆದದ್ದಾ? ಲಾಟೀನು ನಿಜವಾಗಿ ಉರಿಯುವಂತೆ ಕಾಣುವುದು ಹೇಗೆ? ಕೊಳ್ಳಬಹುದಾ?

ಉತ್ತರ: ಮೇಜಿ ಅನ್ನುವುದು ಜಪಾನಿನ ಒಂದು ಶಕೆ. ಮೇಜಿ 28 ಅಂದರೆ 1895. ಚೀನಾ–ಜಪಾನ್ ಯುದ್ಧದ ಕಾಲ. 1894ರ ಆಗಸ್ಟ್‌ನಲ್ಲಿ ಯುದ್ಧ ಘೋಷಣೆಯಾಯಿತು. ಚಳಿಗಾಲದ ಕೆಲವು ಕಾಳಗ ಈಶಾನ್ಯ ಚೀನಾದ ಮಂಚೂರಿಯಾದ ಹಿಮದಲ್ಲಿ ನಡೆದವು. 1895ರ ಏಪ್ರಿಲ್‌ನಲ್ಲಿ ಶಿಮೊನೊಸೆಕಿ ಒಪ್ಪಂದವಾಗಿ ಯುದ್ಧ ಮುಗಿಯಿತು. ಅಷ್ಟು ದಿನವೂ ಟೋಕಿಯೊದ ಚಿತ್ರ ಪ್ರಕಾಶಕರಿಗೆ ಸುಗ್ಗಿ. ಆದರೆ ಕಲಾವಿದರಲ್ಲಿ ಹೆಚ್ಚಿನವರು ರಣರಂಗದ ಹತ್ತಿರವೂ ಸುಳಿದವರಲ್ಲ. ಪೇಪರಿನ ಸುದ್ದಿ ಓದಿ ಊರಲ್ಲೇ ಕೂತು ಬರೆದರು. ಸೈನಿಕರ ಗತ್ತನ್ನು ಸಾಕ್ಷಿ ಅಂತ ನಂಬಬೇಡಿ. ಕೊಳ್ಳುವವರಿಗೆ ಹುಮ್ಮಸ್ಸು ಬರಲಿ ಅಂತಲೇ ಮಾಡಿದ್ದು ಅದು.

ನನಗೆ ಇಷ್ಟವಾಗುವುದು ಬೆಳಕಿನ ಕೆಲಸ. ಇದರಲ್ಲಿ ಪಳಗಿದ ಕೈ ಕಲಾವಿದ ಕೊಬಾಯಾಶಿ ಕಿಯೊಚಿಕನದು. 1876ರಿಂದಲೇ ಟೋಕಿಯೊದ ಬೀದಿದೀಪ, ಬೆಳದಿಂಗಳು ಬರೆದು ಹೆಸರು ಮಾಡಿದ್ದ. ಯುದ್ಧ ಬಂದಾಗ ಅದೇ ಕಸುಬನ್ನು ಅಲ್ಲಿಗೂ ತಂದ. ಕೊರಿಯಾದ ಪ್ಯೊಂಗ್ಯಾಂಗ್ ಮೇಲಿನ ದಾಳಿಯ ಒಂದು ಚಿತ್ರದಲ್ಲಿ ವಿದ್ಯುತ್ ದೀಪದ ಬೆಳಕನ್ನೇ ಹಾಯಿಸಿದ್ದಾನೆ.

ಲಾಟೀನಿನ ನಡುಮಧ್ಯಕ್ಕೆ ಭೂತಗನ್ನಡಿ ಹಿಡಿದು ನೋಡಿ. ಇಂಥ ಚಿತ್ರಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಬರೀ ಕಾಗದ, ಇಲ್ಲವೇ ತೆಳು ಹಳದಿ. ಕೆಲಸವೆಲ್ಲ ಸುತ್ತಲಿನ ಕತ್ತಲಿನದು. ಇವು ಮರದ ಹಲಗೆಯಿಂದ ಅಚ್ಚು ಹಾಕಿದ ಚಿತ್ರಗಳು; ಒಂದೊಂದು ಬಣ್ಣಕ್ಕೂ ಬೇರೆ ಚೆರಿ ಮರದ ಹಲಗೆ ಕೆತ್ತುತ್ತಿದ್ದರು. ಮುದ್ರಕ ಹಲಗೆಯನ್ನು ಒಂದು ಕಡೆ ಒದ್ದೆ ಮಾಡಿ, ಬಣ್ಣವನ್ನು ಬ್ರಷ್ಷಿನಿಂದ ಆ ಕಡೆಗೆ ತೆಳುವಾಗುತ್ತ ಹೋಗುವಂತೆ ಎಳೆಯುತ್ತಿದ್ದ. ಮೇಲೆ ಕಾಗದ ಹಾಸಿ ಕೈಯಿಂದ ಉಜ್ಜಿದರೆ ಕಪ್ಪು ಮೆಲ್ಲಗೆ ತಿಳಿಯಾಗಿ ದೀಪದ ಹತ್ತಿರ ಇಲ್ಲವಾಗುತ್ತದೆ. ಪ್ರತಿ ಸಲವೂ ಇದನ್ನು ಹೊಸದಾಗಿ ಮಾಡಬೇಕು. ಅದಕ್ಕೇ ಒಂದು ಪ್ರತಿಯಲ್ಲಿ ದೀಪ ಧಗ್ಗೆನ್ನುತ್ತದೆ, ಇನ್ನೊಂದರಲ್ಲಿ ಮಂಕು. ಹೆಸರೆಲ್ಲ ಕಲಾವಿದನಿಗೆ, ಬೆವರು ಮುದ್ರಕನದು, ಅಲ್ವಾ?

ಕೊಳ್ಳುವ ಮೊದಲು ಹಾಳೆ ತಿರುಗಿಸಿ. ಕೈಯಚ್ಚಾದರೆ ಬಣ್ಣ ಹಿಂದಕ್ಕೂ ಇಳಿದಿರುತ್ತದೆ. ಭೂತಗನ್ನಡಿಯಡಿ ಸಾಲು ಸಾಲು ಸಣ್ಣ ಚುಕ್ಕಿ ಕಂಡರೆ ಅದು ಯಂತ್ರದ ಅಚ್ಚು, ಬಿಟ್ಟುಬಿಡಿ. ತುಂಬಾ ದುಡ್ಡು ಕೇಳಿದರೆ ಬಲ್ಲವರಿಗೆ ತೋರಿಸಿ. ತಂದ ಮೇಲೆ ಲ್ಯಾಮಿನೇಶನ್, ಸೆಲ್ಲೊಟೇಪ್ ಎರಡೂ ಬೇಡ. ಬಿಸಿಲು ಬೀಳುವ ಗೋಡೆಗಂತೂ ತೂಗುಹಾಕಲೇಬೇಡಿ. ಆ ಕಾಲದ ಕೆಲವು ಬಣ್ಣ ಬೇಗ ಮಾಸುತ್ತವೆ.