ಹಿತ್ತಲಿಗೆ ಬರುವ ಜಿಂಕೆಗಳಿಗೆ ಚಳಿಗಾಲದಲ್ಲಿ ಮೆಕ್ಕೆಜೋಳ ಹಾಕಬಹುದೇ?

ಹಾಕಬೇಡಿ. ಒಂದು ಮೂಲೆಯಲ್ಲಿ ಮೆಕ್ಕೆಜೋಳ ಸುರಿದರೆ ಜಿಂಕೆಗಳು ಗಿಡಗಳನ್ನು ಬಿಟ್ಟು ಅದನ್ನೇ ತಿಂದುಕೊಂಡು ಹೋಗುತ್ತವೆ, ನಿಮ್ಮ ಊರಿನ ಆಡಳಿತ ಚರ್ಚಿಸುತ್ತಿರುವ ಬೇಟೆಯ ಯೋಜನೆಗಿಂತ ಇದೇ ದಯೆಯ ದಾರಿ ಎಂದು ನೀವು ಬರೆದಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಹೀಗೆಯೇ ನಂಬಿದ್ದೆ. ನೀವೂ ನ್ಯೂಯಾರ್ಕ್ ರಾಜ್ಯದಲ್ಲಿಯೇ ಇರುವುದರಿಂದ ಮೊದಲೇ ತಿಳಿಸುತ್ತೇನೆ: ಇಲ್ಲಿ ಕಾಡುಜಿಂಕೆಗಳಿಗೆ ಆಹಾರ ಹಾಕುವುದು ಕಾನೂನಿಗೆ ವಿರುದ್ಧ. ನನಗೆ ಅದು ತಿಳಿದದ್ದು ತಡವಾಗಿ.

ನಮ್ಮ ಮನೆ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿದೆ. ಹಿತ್ತಲಿನ ಆಚೆಗೆ ಕಿರಿದಾದ ಕಾಡಿನ ಪಟ್ಟಿ. ಆ ವರ್ಷ ಹಿಮ ಬಹಳ ಬಿದ್ದಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದು ನಮ್ಮೊಂದಿಗಿದ್ದ ಅಮ್ಮ, ಪಕ್ಕೆಲುಬು ಕಾಣುವಷ್ಟು ಸೊರಗಿದ ಜಿಂಕೆಗಳು ಬೇಲಿಯ ಗಿಡಗಳ ತೊಗಟೆ ಕೆರೆಯುವುದನ್ನು ಕಿಟಕಿಯಿಂದ ನೋಡಿ, ಹಸಿದು ಬಾಗಿಲಿಗೆ ಬಂದ ಜೀವವನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು ಎಂದರು. ನಾನು ಮೆಕ್ಕೆಜೋಳದ ಮೂಟೆ ತಂದು ಪ್ರತಿ ಸಂಜೆ ಸುರಿಯತೊಡಗಿದೆ. ಎರಡು ಮೂರು ಜಿಂಕೆಗಳು ಬರುತ್ತಿದ್ದ ಜಾಗಕ್ಕೆ ದೊಡ್ಡ ಹಿಂಡೇ ಬರಲಾರಂಭಿಸಿತು. ಫೆಬ್ರವರಿಯ ಕೊನೆಯಲ್ಲಿ ಪೈನ್ ಮರದ ಬುಡದಲ್ಲಿ ಹೊಟ್ಟೆ ಉಬ್ಬಿದ ಎಳೆಯ ಜಿಂಕೆಯೊಂದು ಸತ್ತು ಬಿದ್ದಿತ್ತು. ಕೆಲವೇ ದಿನಗಳಲ್ಲಿ ಇನ್ನೊಂದು. ಹಸಿವಿನಿಂದ ಸತ್ತವೆಂದು ಭಾವಿಸಿ ಮರುದಿನ ಇನ್ನಷ್ಟು ಜೋಳ ಹಾಕಿದೆ.

ಅವು ಸತ್ತದ್ದು ಆ ಜೋಳದಿಂದಲೇ ಇರಬೇಕೆಂದು ವನ್ಯಜೀವಿ ಇಲಾಖೆಗೆ ಕರೆ ಮಾಡಿದಾಗ ತಿಳಿಯಿತು. ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಮೇವನ್ನು ಜೀರ್ಣಿಸುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು, ಮತ್ತು ಚಳಿಗಾಲದ ಹೊತ್ತಿಗೆ ಆ ಜೀವಿಗಳು ಒಣಕಡ್ಡಿ, ಮೊಗ್ಗು, ತೊಗಟೆಗಳಿಗೆ ಹೊಂದಿಕೊಂಡಿರುತ್ತವೆ. ಅಂತಹ ಹೊಟ್ಟೆಗೆ ಇದ್ದಕ್ಕಿದ್ದಂತೆ ಪಿಷ್ಟ ತುಂಬಿದ ಕಾಳು ಬಿದ್ದರೆ ಅದು ವೇಗವಾಗಿ ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆಮ್ಲ ರಕ್ತಕ್ಕೆ ಸೇರಿ, ಹೊಟ್ಟೆ ತುಂಬಿರುವಾಗಲೇ ಜಿಂಕೆ ಒಂದೆರಡು ದಿನಗಳಲ್ಲಿ ಸಾಯಬಹುದು. ಚಳಿಗಾಲದಲ್ಲಿ ಅವು ಸೊರಗಿ ಕಾಣುವುದು ಸಹಜವೇ. ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತಾ, ಓಡಾಟ ತಗ್ಗಿಸಿ ವಸಂತದವರೆಗೆ ಬದುಕುವುದು ಅವುಗಳ ಕ್ರಮ. ನಾನು ಆ ಕ್ರಮವನ್ನು ಕೆಡಿಸಿದೆ. ಎಲ್ಲವನ್ನೂ ಒಂದೇ ರಾಶಿಗೆ ಮೂತಿ ತಾಗಿಸುವಂತೆ ಸೇರಿಸಿದ್ದು ಅದಕ್ಕಿಂತ ದೊಡ್ಡ ಅಪಾಯ, ಏಕೆಂದರೆ 2005ರಲ್ಲಿ ಇದೇ ರಾಜ್ಯದ ಒನೈಡಾ ಕೌಂಟಿಯಲ್ಲಿ ಪತ್ತೆಯಾಗಿದ್ದ, ಮದ್ದೇ ಇಲ್ಲದ ಕ್ರಾನಿಕ್ ವೇಸ್ಟಿಂಗ್ ಎಂಬ ಜಿಂಕೆಗಳ ಮೆದುಳಿನ ರೋಗ ಜೊಲ್ಲು, ಮೂತ್ರಗಳ ಮೂಲಕ ಹರಡುತ್ತದೆ ಮತ್ತು ಅದರ ಸೋಂಕು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಇದರ ಬೆಲೆ ನಮ್ಮ ಮನೆಯೊಳಗೂ ಬಂತು. ಜೂನ್‌ನಲ್ಲಿ ಅಮ್ಮನಿಗೆ ಜ್ವರ, ಕೀಲುನೋವು, ತೊಡೆಯ ಮೇಲೆ ಅಗಲವಾಗುತ್ತಾ ಹೋದ ಕೆಂಪು ಉಂಗುರ ಕಾಣಿಸಿಕೊಂಡವು. ವೈದ್ಯರು ಉಣುಗು ಕಚ್ಚುವುದರಿಂದ ಬರುವ ಲೈಮ್ ರೋಗವೆಂದು ಗುರುತಿಸಿ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಕೊಟ್ಟರು, ವಾಸಿಯಾಯಿತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಂದಿನಿಂದ ಉಣುಗಿನ ಭಯವನ್ನು ಬಲ್ಲ ಸೀಮೆಯವರು ನಾವು. ದರಗು ತರಲು ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುತ್ತಿದ್ದ ಅಮ್ಮ, ಇಲ್ಲಿಯ ಹಸಿರು ಹುಲ್ಲುಹಾಸಿನಲ್ಲಿ ಅಂಥದೇ ಹುಳು ಇರಬಹುದೆಂದು ಎಣಿಸಿರಲಿಲ್ಲ. ಉಣುಗಿಗೆ ಲೈಮ್ ಸೋಂಕನ್ನು ಕೊಡುವುದು ಜಿಂಕೆಯಲ್ಲ. ಅದು ಹೆಚ್ಚಾಗಿ ಬರುವುದು ಬಿಳಿಪಾದದ ಇಲಿಯಿಂದ. ಆದರೆ ಬೆಳೆದ ಉಣುಗುಗಳು ರಕ್ತ ಹೀರಿ ಜೊತೆಗೂಡುವುದು ಮುಖ್ಯವಾಗಿ ಜಿಂಕೆಯ ಮೈಮೇಲೆ, ಮತ್ತು ಕೆಳಗೆ ಉದುರಿದ ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡಬಲ್ಲದು. ಅಮ್ಮನಿಗೆ ಕಚ್ಚಿದ ಉಣುಗು ಎಲ್ಲಿಂದ ಬಂತೆಂದು ಯಾರೂ ಸಾಧಿಸಿ ತೋರಿಸಲಾರರು, ಆದರೂ ಜಿಂಕೆಯನ್ನೂ ಇಲಿಯನ್ನೂ ಒಂದೇ ಮೂಲೆಗೆ ಕರೆದು ಊಟವಿಟ್ಟವನು ನಾನೇ.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ. ಕೊಲ್ಲದಿರುವುದು ದಯೆ, ಕೊಲ್ಲುವುದು ಕ್ರೌರ್ಯ ಎಂಬ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಹುಟ್ಟಿನಿಂದ ಮಾಂಸ ಮುಟ್ಟದವನಾಗಿಯೂ ಹೀಗೆ ಹೇಳುತ್ತಿದ್ದೇನೆ. ಕಳೆದ ಶತಮಾನದ ಆರಂಭದಲ್ಲಿ ವಿಪರೀತ ಬೇಟೆಯಿಂದಾಗಿ ಅಮೆರಿಕದಲ್ಲಿ ಸುಮಾರು 5 ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಇಂದು ಸುಮಾರು 3 ಕೋಟಿ ಇವೆ. ತೋಳ, ಪ್ಯೂಮಾಗಳನ್ನು ನಾವೇ ಇಲ್ಲವಾಗಿಸಿ, ಕಾಡನ್ನು ತುಂಡರಿಸಿ ಬಡಾವಣೆ ಕಟ್ಟಿ, ಜಿಂಕೆಗಳು ಇಷ್ಟಪಟ್ಟು ತಿನ್ನುವ ಹೋಸ್ಟಾ, ಟುಲಿಪ್ ಗಿಡಗಳನ್ನು ನೆಟ್ಟೆವು. ಮೇವು ಚೆನ್ನಾಗಿದ್ದರೆ ಹೆಣ್ಣು ಜಿಂಕೆ ವರ್ಷಕ್ಕೊಮ್ಮೆ ಅವಳಿ ಮರಿ ಹಾಕುವುದು ಸಾಮಾನ್ಯ. ನಮ್ಮ ಹಿಂದಿನ ಕಾಡುಪಟ್ಟಿಯಲ್ಲಿ ಮೊಣಕಾಲೆತ್ತರದ ಓಕ್ ಸಸಿ ಒಂದೂ ಉಳಿದಿಲ್ಲ. ದೊಡ್ಡ ಮರಗಳು ಬಿದ್ದ ಮೇಲೆ ಅಲ್ಲಿ ಕಾಡು ಎನ್ನುವುದು ಇರುವುದಿಲ್ಲ, ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಂತೂ ಈಗಲೇ ನೆಲೆಯಿಲ್ಲ.

ಸಂತಾನನಿಯಂತ್ರಣವನ್ನು ಯಾರಾದರೂ ಸೂಚಿಸುತ್ತಾರೆ. ನಮ್ಮ ಕೌಂಟಿಯ ಹೇಸ್ಟಿಂಗ್ಸ್-ಆನ್-ಹಡ್ಸನ್ ಊರು 2014ರಲ್ಲಿ ಹೆಣ್ಣು ಜಿಂಕೆಗಳಿಗೆ ಪಿಜೆಡ್‌ಪಿ ಎಂಬ ಗರ್ಭನಿರೋಧಕ ಲಸಿಕೆ ಹಾಕಲು ಆರಂಭಿಸಿತು, ಪ್ರಾಮಾಣಿಕ ಪ್ರಯತ್ನವೇ. ಆದರೆ ಜಿಂಕೆಗಳನ್ನು ಹುಡುಕಿ ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕು, ಇರುವ ಜಿಂಕೆಗಳು ಇದ್ದೇ ಇರುತ್ತವೆ, ಪಕ್ಕದ ಊರಿನವು ಒಳಬರುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದವರು ಹೆಣ್ಣು ಜಿಂಕೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ನೋಡಿದಾಗ, ಗರ್ಭ ನಿಲ್ಲದ ಅವು ಮತ್ತೆ ಮತ್ತೆ ಬೆದೆಗೆ ಬಂದು ಹೊರಗಿನ ಗಂಡುಗಳನ್ನು ಸೆಳೆದವು. ಆದ್ದರಿಂದ ನಿಮ್ಮ ಊರಿನವರು ನುರಿತ ಬೇಟೆಗಾರರಿಂದ, ಮುಖ್ಯವಾಗಿ ಹೆಣ್ಣು ಜಿಂಕೆಗಳನ್ನು ತೆಗೆಸಿ, ಮಾಂಸವನ್ನು ಬಡವರ ಆಹಾರ ಭಂಡಾರಕ್ಕೆ ಕೊಡುವ ಯೋಜನೆ ತಂದರೆ ವಿರೋಧಿಸಬೇಡಿ. ಸಭೆಗೆ ಹೋಗಿ, ಈಗ ಎಷ್ಟು ಜಿಂಕೆಗಳಿವೆ, ಎಣಿಸಿದವರು ಯಾರು, ಮುಂದಿನ ವರ್ಷಗಳಲ್ಲಿಯೂ ಮುಂದುವರಿಸಲು ಹಣವಿದೆಯೇ ಎಂದು ಕೇಳಿ. ಒಂದೇ ವರ್ಷ ಮಾಡಿ ನಿಲ್ಲಿಸುವುದಾದರೆ ಆ ಪ್ರಾಣಿಗಳ ಸಾವು ವ್ಯರ್ಥ.

ತರಕಾರಿ ಉಳಿಸಿಕೊಳ್ಳಲು ಎಂಟು ಅಡಿ ಎತ್ತರದ ಬಲೆಬೇಲಿ ಹಾಕಿ. ಅದಕ್ಕಿಂತ ತಗ್ಗಿನದನ್ನು ಅವು ಹಾರುತ್ತವೆ. ಹೂವಿಗೆ ಟುಲಿಪ್ ಬದಲು ಅವು ಸಾಮಾನ್ಯವಾಗಿ ಮುಟ್ಟದ ಡ್ಯಾಫೋಡಿಲ್ ನೆಡಿ. ಈಗಾಗಲೇ ಜೋಳ ಸುರಿದಿದ್ದರೆ ಇಂದೇ ಗುಡಿಸಿ ಕಸಕ್ಕೆ ಹಾಕಿ, ಮತ್ತು ಮೇ ತಿಂಗಳಿಂದ ಮಕ್ಕಳು ಆ ಮೂಲೆಗೆ ಹೋಗಿ ಬಂದಾಗಲೆಲ್ಲ ಮೊಣಕಾಲಿನ ಹಿಂಭಾಗ, ಕಂಕುಳು, ತೊಡೆಸಂದು, ಕೂದಲಿನ ಬುಡ ಇವನ್ನು ಬೆಳಕಿನಲ್ಲಿ ನೋಡಿ. ಆ ತಿಂಗಳುಗಳ ಉಣುಗು ಗಸಗಸೆ ಕಾಳಿಗಿಂತ ದೊಡ್ಡದಿರುವುದಿಲ್ಲ.