‘ಸುಮ್ನೆ ಹೋಗಿ ನಿಂತಿದ್ದೆ ಅಷ್ಟೆ’

ಟೆಕ್ ಕಂಪನಿಗಳಲ್ಲಿ ಆಪರೇಷನ್ಸ್, ಅಂದರೆ ದಿನದಿನದ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುವ ಹಿರಿಯರು, ಕೆಲಸದ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ‘ನನಗೆ ಕೋಡಿಂಗ್ ಬರಲ್ಲ, ಇನ್ನು ನಾನು ಯಾರಿಗೂ ಬೇಡ’ ಅನ್ನುವುದೇ ಎಲ್ಲರ ಮಾತು. ಅವರಲ್ಲಿ ಒಬ್ಬರ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 47 ವರ್ಷ. ಮೊದಲು ಕಂಪ್ಯೂಟರ್ ತಯಾರಿಕೆ, ಆಮೇಲೆ ಗೋದಾಮಿನಲ್ಲಿ ಸರಕು ಸಾಗಿಸುವ ರೋಬೋಟ್‌ಗಳು. ‘ಈ ಜಾಗಕ್ಕೆ ಇನ್ನೂ ಟೆಕ್ನಿಕಲ್ ಆದವರು ಬೇಕೇನೋ’ ಎಂದು ಮೇಲಿನವರು ಮೀಟಿಂಗ್‌ನಲ್ಲಿ ಅಂದಿದ್ದರಂತೆ. ಅವತ್ತಿನಿಂದ ನಿದ್ದೆ ಇಲ್ಲ. ಕೆಲಸ ಬಿಟ್ಟು ಎರಡು ವರ್ಷದ ಮಷಿನ್ ಲರ್ನಿಂಗ್ ಕೋರ್ಸ್ ಸೇರುವುದು ಅಂತ ತೀರ್ಮಾನಿಸಿಯೇ ಬಂದಿದ್ದರು. ನಾನು ಹೂಂ ಅನ್ನುವುದೊಂದು ಬಾಕಿ.

ಮೂರನೇ ಭೇಟಿಯಲ್ಲಿ, ತುಂಬಾ ಕಷ್ಟ ಕೊಟ್ಟ ಒಂದು ವಾರದ ಬಗ್ಗೆ ಹೇಳಿ ಅಂದೆ.

ಒಬ್ಬ ಗಿರಾಕಿಯ ಗೋದಾಮಿನಲ್ಲಿ ದಿನಾ ಮಧ್ಯಾಹ್ನ ರೋಬೋಟ್‌ಗಳು ದಾರಿ ಸಿಗದೆ ನಿಂತುಬಿಡುತ್ತಿದ್ದವು. ಎಂಜಿನಿಯರ್‌ಗಳು ಎರಡು ಸಲ ಸಾಫ್ಟ್‌ವೇರ್ ಬದಲಿಸಿದರು. ಸರಿಹೋಗಲಿಲ್ಲ. ಇವರು ಅಲ್ಲಿಗೇ ಹೋಗಿ ಎರಡು ದಿನ ನಿಂತು ನೋಡಿದರು. ನಾಲ್ಕು ಗಂಟೆಗೆ ಲಾರಿ ಬರುತ್ತದೆ, ದೊಡ್ಡ ಬಾಗಿಲು ತೆರೆಯುತ್ತದೆ, ಓರೆ ಬಿಸಿಲು ಒಳಗೆ ನುಗ್ಗುತ್ತದೆ. ಕಂಬಗಳ ಮೇಲಿನ ಗುರುತು ಓದಿ ದಾರಿ ಹಿಡಿಯುವ ಕ್ಯಾಮೆರಾದ ಕಣ್ಣಿಗೆ ನೇರವಾಗಿ ಆ ಬಿಸಿಲು! ಬಾಗಿಲಿಗೆ ಪರದೆ ಹಾಕಿಸಿದರು. ತೊಂದರೆ ಮುಗಿಯಿತು.

‘ಪರದೆ ಹಾಕಿಸೋದು ಒಂದು ಕೆಲಸವಾ ಮೇಡಂ? ನಾನು ಸುಮ್ನೆ ಹೋಗಿ ನಿಂತಿದ್ದೆ ಅಷ್ಟೆ.’

‘ನೀವು ಹೋಗದೇ ಇದ್ದಿದ್ದರೆ?’

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಮೂರನೇ ಸಲ ಸಾಫ್ಟ್‌ವೇರ್ ಬದಲಿಸ್ತಿದ್ದರು’ ಅಂದರು.

ನನ್ನ ಸಲಹೆ ಇಷ್ಟೇ ಇತ್ತು. ಈಗ ರಾಜೀನಾಮೆ ಬೇಡ. ಒಂದು ನೋಟ್‌ಬುಕ್ ಇಡಿ. ಏನು ನಿಂತಿತ್ತು, ನೀವು ಏನು ಕಂಡಿರಿ, ಏನು ಬದಲಿಸಿದಿರಿ, ಆಮೇಲೆ ಎಷ್ಟು ಗಂಟೆ ಉಳಿಯಿತು, ಅದನ್ನೆಲ್ಲ ಬರೆಯಿರಿ. ಎಂಜಿನಿಯರ್ ಹೆಸರು ಪೇಟೆಂಟ್‌ನಲ್ಲಿ ಉಳಿಯುತ್ತದೆ. ಕೆಡದೇ ಓಡಿದ ಯಂತ್ರದ ಮೇಲೆ ಆಪರೇಷನ್ಸ್‌ನವರ ಹೆಸರು ಎಲ್ಲೂ ಇರುವುದಿಲ್ಲ. ಈ ರಂಗದಲ್ಲಿ ಹೆಸರು ಮಾಡಿದ ಕಂಪನಿಗಳೇ ಮುಚ್ಚಿಹೋಗುತ್ತವೆ. ಕಾರ್ಖಾನೆಗಳಿಗೆ ರೋಬೋಟ್ ಮಾಡುತ್ತಿದ್ದ ರೀಥಿಂಕ್ ರೋಬೋಟಿಕ್ಸ್ 2018ರಲ್ಲಿ, ಆಟಿಕೆ ರೋಬೋಟ್ ಮಾಡುತ್ತಿದ್ದ ಆಂಕಿ 2019ರಲ್ಲಿ ಬಾಗಿಲು ಹಾಕಿದವು. ಅಂಥ ದಿನ ಬಂದರೆ ಕೈಯಲ್ಲಿ ಹಿಡಿದು ಹೊರಡಲು ಏನಾದರೂ ಇರಬೇಕಲ್ವಾ?

ಕಲಿಯುವವರನ್ನು ತಡೆದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ನಾನು ಕಲಿಕೆಯನ್ನು ತಡೆಯಲಿಲ್ಲ. ಯಂತ್ರ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್ ಓದಿ ಎಂಜಿನಿಯರ್‌ಗೆ ಸರಿಯಾದ ಪ್ರಶ್ನೆ ಕೇಳುವಷ್ಟು ಖಂಡಿತ ಕಲಿಯಿರಿ ಅಂತಲೇ ಹೇಳಿದ್ದೆ. ಆದರೆ ಇವರು ಮೇಲಿನವರ ಒಂದು ಮಾತಿನ ಪೆಟ್ಟಿಗೆ ಹೆದರಿ ಬೇರೆ ಮನುಷ್ಯನಾಗಲು ಹೊರಟಿದ್ದರು. ಅದಕ್ಕೆ ಮಾತ್ರ ಹೂಂ ಅನ್ನಲಾಗಲಿಲ್ಲ.

ಐದನೇ ಭೇಟಿಗೆ ನೋಟ್‌ಬುಕ್ ತಂದಿದ್ದರು. ಒಂಬತ್ತು ಘಟನೆ ಬರೆದಿದ್ದರು. ‘ನನ್ನದೇ ತಪ್ಪಿನಿಂದ ಯಂತ್ರ ನಿಂತದ್ದು ಎರಡು ಇವೆ, ಅವನ್ನೂ ಬರೆಯಲಾ?’ ಅಂದರು. ಬರೆಯಿರಿ ಅಂದೆ. ಅಲ್ಲೇ ಕೂತು ಶುರುಮಾಡಿದರು.