ಸಮೀಕ್ಷೆಗೆ ಎಷ್ಟು ಜನ ಬೇಕು ಎಂಬುದಕ್ಕಿಂತ ಯಾರು ತಪ್ಪಿಹೋದರು ಎಂಬುದನ್ನು ನೋಡಿ

ಚುನಾವಣೆಗೆ ಮುನ್ನ ನಿಮ್ಮ ಕ್ಷೇತ್ರದ ಮತದಾರರ ಒಲವನ್ನು ತಿಳಿಯಲು ಕನಿಷ್ಠ ಎಷ್ಟು ಜನರನ್ನು ಮಾತನಾಡಿಸಬೇಕು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಹೊರಟಿದ್ದೆ. 1,200 ಎಂದು ನಿಶ್ಚಯಿಸಿಕೊಂಡೆ. ಅಷ್ಟು ಫಾರಂ ತುಂಬಿದ ದಿನ ಕೆಲಸ ಮುಗಿಯಿತೆಂದು ನಂಬಿದೆ. ಸ್ಪಷ್ಟ ಮುನ್ನಡೆಯಲ್ಲಿದ್ದಾರೆಂದು ನಾವು ವರದಿ ಕೊಟ್ಟಿದ್ದ ಅಭ್ಯರ್ಥಿ ಸೋತರು.

ಮತದಾರರ ಪಟ್ಟಿಯಿಂದ ನಿಗದಿತ ಅಂತರಕ್ಕೊಂದರಂತೆ ಹೆಸರುಗಳನ್ನು ಆರಿಸಿದ್ದೆವು. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಆದರೆ ತಂಡದವರು ಮನೆಮನೆಗೆ ಹೋಗುತ್ತಿದ್ದುದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ. ಆರಿಸಿದ ವ್ಯಕ್ತಿ ಸಿಗದಿದ್ದರೆ ಏನು ಮಾಡಬೇಕೆಂದು ಅವರಲ್ಲೊಬ್ಬರು ಕೇಳಿದಾಗ, ಪಕ್ಕದ ಮನೆಯವರನ್ನು ಕೇಳಿ ಫಾರಂ ತುಂಬಿಸಿ ಎಂದು ನಾನೇ ಹೇಳಿದೆ. ಇಬ್ಬರೂ ಒಂದೇ ಬೀದಿಯವರು, ಹೆಚ್ಚಿನ ವ್ಯತ್ಯಾಸವೇನೂ ಆಗದು ಎಂಬುದು ನನ್ನ ಎಣಿಕೆಯಾಗಿತ್ತು. ಹಗಲಿನಲ್ಲಿ ಬೀಗ ಬೀಳುವುದು ಎಲ್ಲರೂ ದುಡಿಯಲು ಹೋಗುವ ಮನೆಗೆ. ಕರೆದ ಕೂಡಲೇ ಬಾಗಿಲು ತೆರೆಯುವವರು ಬಹುಪಾಲು ವೃದ್ಧರು, ನಿವೃತ್ತರು, ಮನೆಯಲ್ಲೇ ಇರುವವರು. ಹೀಗಾಗಿ ಪ್ರತಿಯೊಂದು ಬದಲಿ ಹೆಸರೂ ದುಡಿಯಲು ಹೋದವರೊಬ್ಬರನ್ನು ತೆಗೆದು ಮನೆಯಲ್ಲಿದ್ದವರೊಬ್ಬರನ್ನು ಸೇರಿಸುತ್ತಿತ್ತು. ಎಲ್ಲ ಬದಲಾವಣೆಗಳೂ ಒಂದೇ ಕಡೆಗೆ ವಾಲುತ್ತಿದ್ದುದರಿಂದ ಇನ್ನೂ ಸಾವಿರ ಜನರನ್ನು ಕೇಳಿದ್ದರೂ ಆ ತಪ್ಪು ಕರಗುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಯಾವ ಫಾರಂ ಮೂಲ ಹೆಸರಿನದು, ಯಾವುದು ಬದಲಿಯದು ಎಂದು ಗುರುತು ಹಾಕಿಸಿರಲಿಲ್ಲ. ಫಲಿತಾಂಶ ಬಂದ ಮೇಲೆ ಫಾರಂಗಳಲ್ಲಿದ್ದ ವಯಸ್ಸನ್ನು ಮತದಾರರ ಪಟ್ಟಿಯೊಂದಿಗೆ ಹೋಲಿಸಿದಾಗ, ಯುವ ಮತದಾರರು ನಮಗೆ ಎಷ್ಟು ಕಡಿಮೆ ಸಿಕ್ಕಿದ್ದರೆಂಬುದು ಕಣ್ಣಿಗೆ ರಾಚಿತು. ಒಂದು ಮಧ್ಯಾಹ್ನದ ಆ ಕೆಲಸವನ್ನು ವರದಿ ಕೊಡುವ ಮೊದಲೇ ಮಾಡದಿದ್ದುದಕ್ಕೆ ನನಗೆ ಇಂದಿಗೂ ನೋವಿದೆ.

1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕಥೆಯನ್ನು ನಾನು ಓದಿದ್ದು ಇದಾದ ನಂತರ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ವಿರುದ್ಧ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ ಶೇಕಡಾ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳಿಂದ ವಿಳಾಸ ತೆಗೆದದ್ದು ಒಂದು ದೋಷವಾದರೆ, ಉತ್ತರಿಸದೆ ಉಳಿದವರ ಒಲವು ಉತ್ತರಿಸಿದವರ ಒಲವಿಗಿಂತ ಬೇರೆಯಾಗಿದ್ದುದು ಇನ್ನೊಂದು. ನನ್ನ ಬೀಗ ಹಾಕಿದ ಮನೆಗಳು ಈ ಎರಡನೆಯ ಬಗೆಯವು.

ಸಂಖ್ಯೆ ಬೇಕೇ ಬೇಕೆಂದರೆ, ಸರಿಯಾಗಿ ಆರಿಸಿದ 400 ಜನರಿಂದ ಸುಮಾರು ಶೇಕಡಾ 5 ಅಂಶ, 1,000 ಜನರಿಂದ ಸುಮಾರು 3 ಅಂಶ ಆಚೀಚೆಯ ಅಂದಾಜು ಸಿಗುತ್ತದೆ. ಇಬ್ಬರು ಅಭ್ಯರ್ಥಿಗಳ ನಡುವಿನ ಅಂತರವನ್ನು ಹೇಳುವಾಗ ಈ ಅನಿಶ್ಚಿತತೆ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ನಾನಾದರೆ 400 ಹೆಸರನ್ನಷ್ಟೇ ಆರಿಸಿ, ಉಳಿದ ಶ್ರಮವನ್ನೆಲ್ಲ ಅದೇ ಬಾಗಿಲುಗಳಿಗೆ ಸಂಜೆ, ರಜಾದಿನ ಎಂದು ಮೂರು ನಾಲ್ಕು ಬಾರಿ ಹೋಗುವುದಕ್ಕೆ ಮೀಸಲಿಡುತ್ತೇನೆ. ಸಂಜೆ ಹೊರಡಲು ನಿಮ್ಮ ತಂಡ ಸಿದ್ಧವಿಲ್ಲದಿದ್ದರೆ ಸಮೀಕ್ಷೆಯನ್ನೇ ಕೈಬಿಡಿ. ಸಿಗದವರ ಮತ್ತು ಉತ್ತರಿಸಲು ಒಪ್ಪದವರ ಲೆಕ್ಕ ವರದಿಯ ಮೊದಲ ಪುಟದಲ್ಲೇ ಇರಲಿ.

ಉತ್ತರವನ್ನು ಮನೆಮಂದಿಯ ಎದುರು ಬಾಯಿಬಿಟ್ಟು ಹೇಳಿಸಬೇಡಿ. ಚೀಟಿಯಲ್ಲಿ ಗುರುತು ಹಾಕಿಸಿ, ಮುಚ್ಚಿದ ಪೆಟ್ಟಿಗೆಗೆ ಅವರ ಕೈಯಿಂದಲೇ ಹಾಕಿಸಿ. ಇನ್ನೂ ನಿರ್ಧರಿಸಿಲ್ಲ ಎಂದವರನ್ನು ಅಭ್ಯರ್ಥಿಗಳ ನಡುವೆ ಹಂಚದೆ ಪ್ರತ್ಯೇಕವಾಗಿಯೇ ತೋರಿಸಿ.